ಯಂತ್ರ ವಿಚಾರ: ವೇಗದ ಹಾದಿಗೆ ಹೊರಡುವ ಕಾರಿನ ಬ್ರೇಕು

ವೇಗವಾಗಿ ಓಡಬಲ್ಲ ಕಾರನ್ನು ಕೊಂಡವರಿಗೆ ಆ ವೇಗವನ್ನು ಒಮ್ಮೆಯಾದರೂ ಪೂರ್ಣವಾಗಿ ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ಅದನ್ನು ಊರ ರಸ್ತೆಯಲ್ಲಿ ತೀರಿಸಿಕೊಳ್ಳಹೋಗುವುದು ತಮ್ಮ ಪ್ರಾಣಕ್ಕೂ ಪರರ ಪ್ರಾಣಕ್ಕೂ ಕೇಡು. ಅದಕ್ಕೆಂದೇ ಕಟ್ಟಿದ ಹಾದಿಗಳು ಬೇರೆ ಉಂಟು. ಚೆನ್ನೈಯ ಸಮೀಪದ ಇರುಂಗಾಟ್ಟುಕೋಟೈಯಲ್ಲಿಯೂ, ಕೊಯಮತ್ತೂರಿನ ಬಳಿಯ ಚೆಟ್ಟಿಪಾಳೆಯದಲ್ಲಿಯೂ, ದೆಹಲಿಗೆ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿಯೂ ಇಂತಹವು ಇವೆ. ಪಂದ್ಯಗಳಿಲ್ಲದ ಕೆಲವು ದಿನಗಳಲ್ಲಿ ಹಣ ತೆತ್ತು, ನಿಯಮಗಳಿಗೆ ಒಳಪಟ್ಟು, ಸಾಮಾನ್ಯ ಗೃಹಸ್ಥರೂ ತಮ್ಮ ಕಾರನ್ನು ಅಲ್ಲಿ ಓಡಿಸಬಹುದು. ಇದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಬೆಂಗಳೂರಿನಿಂದ ತಮ್ಮ ಕಾರನ್ನು ತಾವೇ ನಡೆಸಿಕೊಂಡು ಹೋಗಿ, ಅದರಲ್ಲಿಯೇ ಹಿಂದಿರುಗುವವರು ಉಂಟು. ಮರುದಿನ ಅದೇ ಕಾರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೊರಡಬೇಕು. ಹೀಗಿರಲು, ಹೊರಡುವ ಮೊದಲು ಬ್ರೇಕಿನ ವಿಷಯವಾಗಿ ಏನೇನು ಮಾಡತಕ್ಕದ್ದೆಂಬುದನ್ನು ಈ ಸಲ ವಿಚಾರಿಸೋಣ.

ಬ್ರೇಕು ಮಾಡುವ ಕೆಲಸವಾದರೂ ಏನು? ಓಟದಲ್ಲಿ ಅಡಗಿರುವ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಗಾಳಿಗೆ ಬಿಡುವುದು. 1000 ಕಿಲೋಗ್ರಾಮ್ ತೂಗುವ ಒಂದು ಕಾರು ಗಂಟೆಗೆ 180 ಕಿಲೋಮೀಟರ್ ವೇಗದಿಂದ 90ಕ್ಕೆ ಇಳಿಯಿತೆನ್ನೋಣ. ವೇಗ ಅರ್ಧವಾಯಿತು; ಆದರೆ ಶಕ್ತಿಯಲ್ಲಿ ಮುಕ್ಕಾಲು ಪಾಲು ಕಳೆಯಿತು. ಲೆಕ್ಕ ಹಾಕಿದರೆ ಇದು 9 ಲಕ್ಷ ಜೂಲ್‌ಗಿಂತ ಹೆಚ್ಚು. ಮೂರು ಲೀಟರ್ ತಣ್ಣೀರನ್ನು ಕುದಿಗೆ ತರಲು ಇಷ್ಟು ಶಾಖ ಸಾಕು. ಅಡಿಗೆಯ ಒಲೆಗೆ ಹಲವು ನಿಮಿಷ ಹಿಡಿಯುವ ಈ ಕೆಲಸವನ್ನು ಬ್ರೇಕು ಮೂರು ನಾಲ್ಕು ಸೆಕೆಂಡುಗಳಲ್ಲಿ ಮುಗಿಸಬೇಕು. ಅಷ್ಟರಲ್ಲಿಯೇ ಮುಂದಿನ ತಿರುವು ಬಂದಿತು! ಊರಿನಲ್ಲಿ ಒಂದು ಸಲ ಒತ್ತಿದ ಮೇಲೆ ಆರಲು ಅವಕಾಶವಿರುತ್ತದೆ. ವೇಗದ ಹಾದಿಯಲ್ಲಿ ಇರುವುದಿಲ್ಲ. ಹಿಂದಿನ ಡ್ರಮ್ ಬ್ರೇಕುಗಳಲ್ಲಿ ಈ ಶಾಖವು ಮುಚ್ಚಿದ ಪಾತ್ರೆಯೊಳಗೆ ಇದ್ದಂತೆ ಉಳಿಯುತ್ತಿತ್ತು. 1953ರಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದುದಕ್ಕೆ, ಗಾಳಿಗೆ ತೆರೆದುಕೊಂಡಿದ್ದ ಅದರ ಡಿಸ್ಕ್ ಬ್ರೇಕು ಒಂದು ಮುಖ್ಯ ಕಾರಣವಾಗಿತ್ತು.

ಶಾಖದಿಂದ ಎರಡು ಬಗೆಯ ಕೇಡು ಬರುತ್ತದೆ. ಇವುಗಳ ಲಕ್ಷಣಗಳನ್ನು ಕಾಲಿನಿಂದಲೇ ಗುರುತಿಸಬಹುದು. ಪೆಡಲು ಎಂದಿನಂತೆ ಗಟ್ಟಿಯಾಗಿದ್ದು, ಎಷ್ಟು ತುಳಿದರೂ ಕಾರು ನಿಲ್ಲದೆ ಜಾರುತ್ತಿದ್ದರೆ ಪ್ಯಾಡು ಸೋತಿತೆಂದು ತಿಳಿಯಬೇಕು. ಪ್ಯಾಡಿನ ಪುಡಿಯನ್ನು ಕೂಡಿಸುವ ಅಂಟು ಮಿತಿಮೀರಿ ಕಾದಾಗ ಅನಿಲವನ್ನು ಬಿಡುತ್ತದೆ, ಹಿಡಿತ ಕುಂದುತ್ತದೆ. ಪೆಡಲು ಮೆತ್ತಗಾಗಿ ಕೆಳಗಿಳಿದುಹೋದರೆ ಬ್ರೇಕ್ ಆಯಿಲ್ ಕುದಿದಿದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದುದರಿಂದ ಕಾಲಿನ ಒತ್ತಡವೆಲ್ಲ ಆವಿಯನ್ನು ಅದುಮುವುದರಲ್ಲಿಯೇ ಮುಗಿದು, ಚಕ್ರವನ್ನು ತಲುಪುವುದೇ ಇಲ್ಲ. ಎರಡರಲ್ಲಿ ಇದು ಹೆಚ್ಚು ಭಯಂಕರವಾದುದು.

ಆದ್ದರಿಂದ ಮೊದಲ ಖರ್ಚು ಬ್ರೇಕ್ ಆಯಿಲ್‌ಗೆ ಸಲ್ಲಬೇಕು. ಅದೇ ಅತ್ಯಂತ ಅಗ್ಗದ ರಕ್ಷೆ. ಸಾಧಾರಣವಾಗಿ ಬಳಸುವ ಆಯಿಲ್ ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು; ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂದು ನಿಯಮ; ತೇವ ಹೀರಿದ ಸ್ಥಿತಿಯಲ್ಲಿ 140 ಸಾಕು. ಡಾಟ್ 4ಕ್ಕೆ ಈ ಅಂಕೆಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಪಂದ್ಯಕ್ಕೆಂದು ಮಾಡಿದ ಆಯಿಲ್‌ಗಳು ಇದಕ್ಕಿಂತಲೂ ಹೆಚ್ಚು ತಾಳುತ್ತವೆ. ಡಾಟ್ 5 ಎಂಬುದು ಸಿಲಿಕೋನಿನ ಜಾತಿ. ಹೆಸರಿನ ಹೋಲಿಕೆಗೆ ಮೋಸಹೋಗಿ ಅದನ್ನು ಉಳಿದವುಗಳೊಡನೆ ಬೆರೆಸಕೂಡದು. ಕಾರಿನ ಕೈಪಿಡಿ ಒಪ್ಪುವ ದರ್ಜೆಯ, ಮುದ್ರೆಯೊಡೆಯದ ಡಬ್ಬಿಯನ್ನೇ ಕೊಳ್ಳಬೇಕು. ಹೋದ ವರ್ಷ ತೆರೆದು ಕಪಾಟಿನಲ್ಲಿಟ್ಟ ಅರ್ಧ ಡಬ್ಬಿ ಮಿತವ್ಯಯವಲ್ಲ. ಹಳೆಯ ಆಯಿಲನ್ನು ನಾಲ್ಕೂ ಚಕ್ರಗಳಿಂದ ಪೂರ್ತಿ ಹೊರಡಿಸಿ, ಗಾಳಿಗುಳ್ಳೆ ಒಂದೂ ಉಳಿಯದಂತೆ ಬ್ಲೀಡ್ ಮಾಡಿಸತಕ್ಕದ್ದು. ಯಾವ ಚಕ್ರದಿಂದ ಆರಂಭಿಸಬೇಕೆಂಬುದನ್ನು ಕೈಪಿಡಿ ಹೇಳುತ್ತದೆ. ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಎದ್ದುಹೋಗುವುದು. ಕೂಡಲೆ ನೀರಿನಿಂದ ತೊಳೆಯಬೇಕು.

ಎರಡನೆಯ ಖರ್ಚು ಪ್ಯಾಡಿಗೆ. ಇಲ್ಲಿ ಸ್ವಲ್ಪ ವಿವೇಕ ಬೇಕು. ಶುದ್ಧ ಪಂದ್ಯದ ಪ್ಯಾಡು ಕಾದ ಮೇಲೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಮುಂಜಾನೆ ತಣ್ಣಗಿರುವಾಗ ಬೀದಿಯಲ್ಲಿ ಮಗುವೊಂದು ಅಡ್ಡ ಬಂದರೆ ಅದನ್ನು ನಂಬುವಂತಿಲ್ಲ. ವರ್ಷಕ್ಕೆ ಎರಡು ಮೂರು ದಿನ ಮಾತ್ರ ಹೋಗುವವರು ಎರಡಕ್ಕೂ ಒದಗುವ ನಡುತರದ ಪ್ಯಾಡನ್ನು ಆರಿಸಿಕೊಳ್ಳುವುದು ಲೇಸು. ಇಲ್ಲವೆ ಅಲ್ಲಿಗೆ ಹೋಗಿ ಬದಲಿಸಿ, ಬರುವಾಗ ಹಳೆಯದನ್ನು ಮತ್ತೆ ಜೋಡಿಸಬೇಕು. ಅರ್ಧಕ್ಕಿಂತ ಸವೆದ ಪ್ಯಾಡಿನೊಡನೆ ಹೊರಡಬಾರದು. ತೆಳುವಾದಷ್ಟೂ ಶಾಖವು ಬೇಗನೆ ಪಿಸ್ಟನ್ನಿಗೂ ಆಯಿಲ್‌ಗೂ ಹಾಯುತ್ತದೆ. ಹೊಸ ಪ್ಯಾಡನ್ನು ಪಳಗಿಸದೆ ಬಳಸಲೂಬಾರದು. ತೆರಪಾದ ಸ್ಥಳದಲ್ಲಿ ಮಧ್ಯಮ ವೇಗದಿಂದ ಹಲವು ಸಲ ಬಲವಾಗಿ ಬ್ರೇಕು ಹಾಕಿ, ಪೂರ್ತಿ ನಿಲ್ಲಿಸದೆ ಮತ್ತೆ ಮುಂದೆ ಸಾಗಿಸಿ, ಕೊನೆಗೆ ಬ್ರೇಕು ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ಆರಿಸಬೇಕು. ಹೀಗೆ ಮಾಡಿದರೆ ಪ್ಯಾಡಿನ ತೆಳುಪದರವೊಂದು ಡಿಸ್ಕಿನ ಮೇಲೆ ಸಮವಾಗಿ ಕೂರುತ್ತದೆ. ತಯಾರಿಸಿದವರ ಸೂಚನೆ ಬೇರೆಯಿದ್ದರೆ ಅದನ್ನೇ ಅನುಸರಿಸಬೇಕು.

ಡಿಸ್ಕಿನ ಅಂಚಿಗೆ ಮುಟ್ಟಿದ ಬಿರುಕಿದ್ದರಾಗಲಿ, ದಪ್ಪವು ಅದರ ಮೇಲೆ ಕೆತ್ತಿದ ಕನಿಷ್ಠ ಅಳತೆಗೆ ಇಳಿದಿದ್ದರಾಗಲಿ, ಅದನ್ನು ತೆಗೆದುಹಾಕುವುದೇ ಸರಿ. ಹಳೆಯ ರಬ್ಬರ್ ಹೋಸು ಉಬ್ಬಿದ್ದರೆ, ಬಿರಿದಿದ್ದರೆ ಬದಲಿಸಬೇಕು. ದೊಡ್ಡ ಡಿಸ್ಕು, ಬಣ್ಣದ ಕ್ಯಾಲಿಪರ್ ಮುಂತಾದವು ನೋಟಕ್ಕೆ ಚೆಂದ. ಆದರೆ ಒಳ್ಳೆಯ ಆಯಿಲೂ ಪ್ಯಾಡೂ ಇಲ್ಲದೆ ಅವುಗಳಿಂದ ಪ್ರಯೋಜನವಿಲ್ಲ. ಇವೆರಡೂ ಸರಿಯಿದ್ದು ಇನ್ನೂ ಶಾಖ ಮೀರಿದರೆ, ಮುಂಭಾಗದಿಂದ ಡಿಸ್ಕಿಗೆ ಗಾಳಿ ತರುವ ಕೊಳವೆಯನ್ನು ಹಾಕಿಸಬಹುದು.

ಹಾದಿಯಲ್ಲಿ ಮೊದಲ ಸುತ್ತು ಕಾಯಿಸುವುದಕ್ಕೆ, ಕೊನೆಯ ಸುತ್ತು ಆರಿಸುವುದಕ್ಕೆ. ಈ ಕೊನೆಯ ಸುತ್ತನ್ನು ಬಿಟ್ಟು ಕಾದ ಕಾರನ್ನು ತಟ್ಟನೆ ನಿಲ್ಲಿಸಿದರೆ, ಗಾಳಿಯಾಡದೆ ಡಿಸ್ಕಿನ ಶಾಖವೆಲ್ಲ ಕ್ಯಾಲಿಪರಿಗೆ ಏರಿ, ನಿಂತಲ್ಲಿಯೇ ಆಯಿಲ್ ಕುದಿಯುವ ಸಂಭವವುಂಟು. ನಿಲ್ಲಿಸಿದ ಮೇಲೆ ಪೆಡಲನ್ನು ತುಳಿದು ಹಿಡಿಯಬಾರದು, ಹ್ಯಾಂಡ್ ಬ್ರೇಕು ಎಳೆಯಬಾರದು. ಗೇರಿನಲ್ಲಿಟ್ಟು ಚಕ್ರಕ್ಕೆ ಒತ್ತುಕಟ್ಟೆ ಕೊಡಬೇಕು. ಮನೆಗೆ ಹೊರಡುವ ಮುನ್ನ ಪ್ಯಾಡಿನ ದಪ್ಪ, ಆಯಿಲ್‌ನ ಮಟ್ಟ, ಚಕ್ರದ ನಟ್ಟುಗಳ ಬಿಗಿ, ಇವಿಷ್ಟನ್ನೂ ನೋಡಬೇಕು. ಪೆಡಲು ಮೆತ್ತಗಿದ್ದರೆ ಮತ್ತೆ ಬ್ಲೀಡ್ ಮಾಡಿಸದೆ ರಸ್ತೆಗೆ ಇಳಿಯತಕ್ಕದ್ದಲ್ಲ.

ಕಡೆಯದಾಗಿ ಒಂದು ಮಾತು. ಕಟ್ಟಿದ ಹಣ ಹಾಳಾಗುವುದೆಂದೂ, ಜತೆಗಾರರು ನಗುವರೆಂದೂ ಮೆತ್ತಗಾದ ಪೆಡಲಿನೊಡನೆ ಇನ್ನೊಂದು ಸುತ್ತಿಗೆ ಹೊರಡುವ ಮೋಹ ಬಲವಾದುದು. ಆ ಹೊತ್ತಿನಲ್ಲಿ ಕಾರನ್ನು ಬದಿಗೆ ತಂದು ನಿಲ್ಲಿಸುವ ಮನಸ್ಸೂ ಬ್ರೇಕಿನ ಒಂದು ಭಾಗವೇ ಎಂದು ತಿಳಿಯಬೇಕು. ಅದನ್ನು ಯಾವ ಮೆಕ್ಯಾನಿಕನೂ ಜೋಡಿಸಿಕೊಡಲಾರನು.