ಬರೆಸಬೇಡಿ, ಜೊತೆಗೆ ಕೂತು ಬರೆಯಿರಿ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡದ ಅಪ್ಪ ಅಮ್ಮಂದಿರಲ್ಲಿ ಒಂದು ಮನವಿ. ಹೋಟೆಲಿಗೆಂದು ಬಂದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು, ಇಸ್ರೋಗೆ, ಓಎನ್‌ಜಿಸಿಗೆ, ಹಜೀರಾದ ಕಾರ್ಖಾನೆಗಳಿಗೆ ಬಂದವರು, ನಮ್ಮೆಲ್ಲರ ಮನೆಗಳಲ್ಲಿ ಕನ್ನಡವೋ ತುಳುವೋ ಇನ್ನೂ ಕೇಳಿಸುತ್ತದೆ. ಆದರೆ ಅದು ಎಂಥ ಕನ್ನಡ ಅಂತ ಒಂದು ದಿನ ಕಿವಿಗೊಟ್ಟು ಕೇಳಿ. ಏಳು, ಹಲ್ಲುಜ್ಜು, ತಿಂಡಿ ತಿನ್ನು, ಹೋಂವರ್ಕ್ ಆಯ್ತಾ, ಮೊಬೈಲ್ ಇಡು, ಮಲಕ್ಕೋ. ಅಪ್ಪಣೆಗಷ್ಟೇ ಸಾಕಾಗುವ ಕನ್ನಡ! ಶಾಲೆಯಲ್ಲಿ ನಡೆದ ಜಗಳ ಹೇಳಬೇಕಾದಾಗ, ರಾತ್ರಿ ಬಿದ್ದ ಕನಸು ವಿವರಿಸಬೇಕಾದಾಗ, ಒಂದು ಸೊಗಸಾದ ಸುಳ್ಳು ಕಟ್ಟಬೇಕಾದಾಗ ಮಗು ಗುಜರಾತಿಗೋ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತದೆ. ತಪ್ಪು ಮಗುವಿನದಲ್ಲ. 'ಇದ್ದಕ್ಕಿದ್ದ ಹಾಗೆ', 'ಅಷ್ಟರಲ್ಲಿ', 'ಹಾಗೇನಾದರೂ ಆಗಿದ್ದಿದ್ದರೆ' ಎಂಬ ಮಾತುಗಳಿಗೆ ಅಪ್ಪಣೆಯಲ್ಲಿ ಜಾಗವಿಲ್ಲ. ಅವು ಕಥೆಯಲ್ಲಿ ಬರುತ್ತವೆ.

ಅದಕ್ಕೇ ಕೇಳುತ್ತಿದ್ದೇನೆ, ವಾರಕ್ಕೊಂದು ಗಂಟೆ ಮಕ್ಕಳ ಪಕ್ಕ ಕೂತು ನೀವೂ ಒಂದು ಪುಟ ಬರೆಯಿರಿ.

ಇದಕ್ಕೊಂದು ಹಳೆಯ ಮೇಲ್ಪಂಕ್ತಿ ಇದೆ. ಅದೂ ಅಹಮದಾಬಾದಿಗೂ ನಮ್ಮ ಕಾರವಾರಕ್ಕೂ ನಂಟಿದ್ದ ಮನೆಯದು. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಅಹಮದಾಬಾದಿನಲ್ಲಿ ನ್ಯಾಯಾಧೀಶರಾಗಿದ್ದಾಗ, 1878ರಲ್ಲಿ, ಹದಿನೇಳರ ಹರೆಯದ ತಮ್ಮ ರವೀಂದ್ರನಾಥರು ಶಾಹಿಬಾಗಿನ ಅರಮನೆಯಲ್ಲಿ ಅವರ ಜೊತೆ ಕೆಲವು ತಿಂಗಳು ಇದ್ದರು. ಮುಂದೆ ಅಣ್ಣನಿಗೆ ಕಾರವಾರಕ್ಕೆ ವರ್ಗವಾದಾಗ ಅಲ್ಲಿಗೂ ಬಂದು, 1883ರಲ್ಲಿ ಒಂದು ನಾಟಕ ಬರೆದರು. ಇಷ್ಟು ಅನೇಕರಿಗೆ ಗೊತ್ತು. ಅತ್ತಿಗೆ ಜ್ಞಾನದಾನಂದಿನಿ ದೇವಿ ಮಾಡಿದ ಕೆಲಸವನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. 1885ರಲ್ಲಿ ಆಕೆ ಕಲ್ಕತ್ತೆಯಲ್ಲಿ 'ಬಾಲಕ' ಎಂಬ ಮಾಸಪತ್ರಿಕೆ ಶುರುಮಾಡಿದರು. ಬಲೇಂದ್ರ, ಸುಧೀಂದ್ರ ಮೊದಲಾದ ಮನೆಯ ಹುಡುಗರು ಬರೆದದ್ದು ಅದರಲ್ಲಿ ಬರಬೇಕೆಂಬುದು ಆಕೆಯ ಆಸೆ. ಬರೀ ಹುಡುಗರ ಬರಹದಿಂದ ಪತ್ರಿಕೆ ನಡೆಯದೆಂದು ಗೊತ್ತಿದ್ದುದರಿಂದ ಮೈದುನನಿಗೂ ಬರೆಯಲು ಹೇಳಿದರು. 'ರಾಜರ್ಷಿ' ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದದ್ದು ಈ ಮಕ್ಕಳ ಪತ್ರಿಕೆಯಲ್ಲೇ. 'ಬಾಲಕ' ನಡೆದದ್ದು ಒಂದೇ ವರ್ಷ, ಇರಲಿ. ದೊಡ್ಡವರ ಬರಹ, ಚಿಕ್ಕವರ ಬರಹ ಎರಡೂ ಒಂದೇ ಸಂಚಿಕೆಯಲ್ಲಿ ಇದ್ದವು. ಹದಿನೈದರ ಬಲೇಂದ್ರನಾಥರು ಮುಂದೆ ಬಂಗಾಳಿಯ ಒಳ್ಳೆಯ ಪ್ರಬಂಧಕಾರರಾದರು.

ನಾವೇನು ಠಾಕೂರರ ಮನೆಯವರೇ ಎಂದು ನೀವು ಕೇಳಬಹುದು. ಹಾಗಾದರೆ ನಾವಿರುವ ಈ ನೆಲದ ಒಬ್ಬ ವಕೀಲರನ್ನು ನೋಡಿ. ಗಿಜುಭಾಯಿ ಬಧೇಕಾ 1913ರಲ್ಲಿ ಮಗ ಹುಟ್ಟಿದ ಮೇಲೆ ಮಕ್ಕಳ ಕಲಿಕೆಯ ಗುಂಗು ಹತ್ತಿಸಿಕೊಂಡು ವಕೀಲಿ ಬಿಟ್ಟರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಗುಜರಾತಿಗರು ಅವರನ್ನು ಮೀಸೆಯ ತಾಯಿ ಎಂದೇ ಕರೆದರು. ಅವರ 'ದಿವಾಸ್ವಪ್ನ'ದ ಮೇಷ್ಟ್ರು ನಾಲ್ಕನೆಯ ತರಗತಿಗೆ ಹೋಗಿ ಮಕ್ಕಳಿಗೆ ಮೊದಲು ಕಥೆ ಹೇಳುತ್ತಾನೆ, ಪಾಠ ಆಮೇಲೆ.

ಏನು ಬರೆಯುವುದು? 'ನನ್ನ ಊರು' ಎಂಬ ವಿಷಯ ಕೊಟ್ಟು, ಮೇ ತಿಂಗಳ ರಜೆಯಲ್ಲಿ ಮಾತ್ರ ಕಂಡ ಕುಂದಾಪುರವನ್ನೋ ಧಾರವಾಡವನ್ನೋ ವರ್ಣಿಸು ಅನ್ನಬೇಡಿ. ಆ ಹಂಬಲ ನಿಮ್ಮದು, ನೀವೇ ಬರೆಯಿರಿ. ಮಗುವಿನ ಊರು ಇದು. ಉತ್ತರಾಯಣದ ದಿನ ತಾರಸಿಯ ಮೇಲೆ ಮಾಂಜಾ ಬೆರಳು ಕೊಯ್ದದ್ದು, ಪಕ್ಕದ ಮನೆಯ ಗಾಳಿಪಟ ಕತ್ತರಿಸಿ 'ಕಾಯ್ ಪೋ ಛೆ' ಎಂದು ಕೂಗಿದ್ದು, ನವರಾತ್ರಿಯಲ್ಲಿ ಗರಬಾ ಸುತ್ತಿ ಕಾಲು ಸೋತದ್ದು ಕನ್ನಡಕ್ಕೆ ಬರಲಿ. ಸೂರತ್ತಿನ 'ಗಾಂಡೀವ' ಪತ್ರಿಕೆಯಲ್ಲಿ 1936ರಲ್ಲಿ ಹುಟ್ಟಿದ ಬಕೋರ ಪಟೇಲ ಎಂಬ ಮೇಕೆ ಗುಜರಾತಿ ಮಕ್ಕಳ ಹಳೆಯ ಗೆಳೆಯ. ಆ ಪಟೇಲರು ಒಂದು ಭಾನುವಾರ ನಿಮ್ಮ ಹೋಟೆಲಿಗೆ ಬಂದು ಮಸಾಲೆ ದೋಸೆ ಕೇಳಿದರೆ ಏನಾದೀತು? ಅಪ್ಪ ಬ್ಯಾಂಕಿನವರಾಗಿದ್ದರೆ, ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿದ ವೃತ್ತಾಂತ ಬರೆಯಲಿ. ಮಗಳು ಅದನ್ನೇ ರಾಜಕುಮಾರಿಯ ಮದುವೆಯ ಕಥೆ ಮಾಡಿಕೊಟ್ಟಾಳು.

ಕನ್ನಡ ಅಕ್ಷರ ಬರುವುದಿಲ್ಲ ಎಂಬುದು ನಮ್ಮಲ್ಲಿ ಸದಾ ಸಿದ್ಧವಿರುವ ಸಬೂಬು. ಗುಜರಾತಿ ಅಕ್ಷರದಲ್ಲೇ ಬರೆಯಲಿ, ಇಲ್ಲವೇ ಮಗು ಹೇಳಲಿ, ಅಜ್ಜಿ ಬರೆದುಕೊಳ್ಳಲಿ. ತನ್ನದೇ ಕಥೆ ಅಜ್ಜಿಯ ಕೈಬರಹದಲ್ಲಿ ಹೇಗೆ ಕಾಣುತ್ತದೆಂಬ ಕುತೂಹಲಕ್ಕಾದರೂ ಅಕ್ಷರ ಕಲಿಯುವ ಮನಸ್ಸಾಗುತ್ತದೆ. ತುಳು ಮನೆಯಾದರೆ ತುಳುವಿನಲ್ಲೇ ಆಗಲಿ. ನಡುವೆ ಗುಜರಾತಿ ಪದ ನುಸುಳಿದರೆ ಹೊಡೆದುಹಾಕಬೇಡಿ. ಕೆಂಪು ಪೆನ್ನನ್ನು ಕೋಣೆಯೊಳಗೆ ತರಲೇಬೇಡಿ. ಅಲ್ಪಪ್ರಾಣ ಮಹಾಪ್ರಾಣಗಳ ಲೆಕ್ಕ ತೆಗೆದರೆ ಮುಂದಿನ ವಾರ ಮಗು ಕೂರುವುದಿಲ್ಲ. ನಿಮ್ಮ ಪುಟವನ್ನೂ ಓದಿ ಹೇಳಿ, ಮಗು ಚೆನ್ನಾಗಿಲ್ಲ ಅಂದರೆ ಒಪ್ಪಿಕೊಳ್ಳಿ.

ಇನ್ನು ನಮ್ಮ ಸಂಘಗಳ ಪದಾಧಿಕಾರಿಗಳಿಗೆ ಒಂದು ಮಾತು. ಪ್ರಬಂಧ ಸ್ಪರ್ಧೆ ಬೇಡ. ಅಮ್ಮ ಬರೆದು ಮಗು ನಕಲು ಮಾಡಿ, ಅಮ್ಮನಿಗೇ ಬಹುಮಾನ ಬರುವ ಸ್ಪರ್ಧೆಗಳು ಸಾಕಷ್ಟಾಗಿವೆ. ಈಗ ಆ ಕೆಲಸವನ್ನೂ ಮೊಬೈಲೇ ಮಾಡಿಕೊಡುತ್ತದೆ. ಬದಲಿಗೆ ದೀಪಾವಳಿ ರಜೆಯಲ್ಲಿ ಪ್ರತಿ ಮನೆಯಿಂದ ಎರಡೇ ಪುಟ ತರಿಸಿ, ಒಂದು ಮಗುವಿನದು, ಒಂದು ಹೆತ್ತವರದು. ಒಟ್ಟಿಗೆ ಹೊಲಿದರೆ ಕೈಬರಹದ ಪತ್ರಿಕೆ ಆಯಿತು. ಅಚ್ಚು ಹಾಕಿಸುವ ಗೊಡವೆಯೂ ಬೇಡ. ರಾಜ್ಯೋತ್ಸವದ ದಿನ ಬರೆದವರು ತಾವೇ ಓದಲಿ. ಅದಕ್ಕಾಗಿ ಈ ಸಲದ ಆಹ್ವಾನಪತ್ರಿಕೆಯಲ್ಲಿ ಅರ್ಧ ಗಂಟೆ ಎತ್ತಿಡಿ, ಅತಿಥಿಗಳ ಭಾಷಣ ಮುಗಿದು ಎಲ್ಲರೂ ಊಟಕ್ಕೆ ಏಳುವ ಹೊತ್ತಿನಲ್ಲಿ ಅಲ್ಲ, ದೀಪ ಬೆಳಗಿಸಿದ ಕೂಡಲೇ.