ಕೃತಕ ನೆರೆಗೆ ಬೈಕ್ ಮುಳುಗಿದರೆ ಬಿಲ್ ಯಾರದು?

ಮಳೆಗಾಲ ಬಂತೆಂದರೆ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಪದ ತಪ್ಪದೆ ಕಾಣಿಸುತ್ತದೆ: ‘ಕೃತಕ ನೆರೆ’. ನದಿ ಉಕ್ಕಿದರೆ ನೆರೆ. ಚರಂಡಿ ಕಟ್ಟಿಕೊಂಡು, ತೋಡು ಕಿರಿದಾಗಿ, ರಸ್ತೆಯೇ ಹೊಳೆಯಾದರೆ ಕೃತಕ ನೆರೆ. ಎಷ್ಟು ಪ್ರಾಮಾಣಿಕ ಪದ ನೋಡಿ. ಇದು ಆಕಾಶದಿಂದ ಬಂದ ತೊಂದರೆಯಲ್ಲ, ಮನುಷ್ಯರೇ ಮಾಡಿಕೊಂಡದ್ದು ಅಂತ ಎರಡು ಪದದಲ್ಲಿ ಒಪ್ಪಿಕೊಂಡಂತೆ. ಆದರೆ ಆ ನೀರಿನಲ್ಲಿ ಬೈಕ್ ಮುಳುಗಿದರೆ ಗ್ಯಾರೇಜಿನ ಬಿಲ್ ಕಟ್ಟಬೇಕಾದವರು ನೀವೇ. ನಗರ ಮುಳುಗಿಸಿದವರು ಯಾರೇ ಆಗಿರಲಿ.

ಮಂಗಳೂರಿನ ಫಳ್ನೀರನ್ನೇ ತೆಗೆದುಕೊಳ್ಳಿ. ಆಸ್ಪತ್ರೆಗಳು, ಅಪಾರ್ಟ್‌ಮೆಂಟ್‌ಗಳು, ಪಿಜಿಗಳು ಒತ್ತೊತ್ತಾಗಿರುವ ಜಾಗ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್, ಕಾಲೇಜು ವಿದ್ಯಾರ್ಥಿ, ಊಟದ ಪಾರ್ಸೆಲ್ ಹೊತ್ತು ಓಡುವ ಡೆಲಿವರಿ ಹುಡುಗ, ಎಲ್ಲರೂ ಓಡಾಡುವುದು ದ್ವಿಚಕ್ರದಲ್ಲೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಏರು ಇಳಿಜಾರುಗಳ ಊರು ಇದು. ಎತ್ತರದಲ್ಲಿ ಬಿದ್ದ ನೀರು ತಗ್ಗಿಗೆ ಇಳಿಯಲು ದಾರಿ ಬೇಕು. ದಾರಿ ಸಿಗದಿದ್ದರೆ ಅದು ಮೊದಲು ಇಳಿಯುವುದು ನೆಲಮಾಳಿಗೆಯ ಪಾರ್ಕಿಂಗ್‌ಗೆ. 2018ರ ಮೇ 29ರ ಮಳೆಗೆ ನಗರ ಒಂದೇ ದಿನದಲ್ಲಿ ಮುಳುಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರಲ್ಲಿ. ಕೊಟ್ಟಾರ ಚೌಕಿ, ಪಂಪ್‌ವೆಲ್‌ಗಳಲ್ಲಿ ನೀರು ನಿಲ್ಲುವ ಸುದ್ದಿ ಆಮೇಲೂ ನಿಂತಿಲ್ಲ.

‘ಇನ್ಶೂರೆನ್ಸ್ ಇದೆ’ ಅನ್ನುವ ನಂಬಿಕೆ

ಯಾರನ್ನೇ ಕೇಳಿ, ‘ನನ್ನ ಬೈಕ್‌ಗೆ ಇನ್ಶೂರೆನ್ಸ್ ಇದೆ’ ಅಂತಾರೆ. ಇರುತ್ತದೆ, ಸುಳ್ಳಲ್ಲ. ಆದರೆ ಯಾವುದು?

ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ನಿಮ್ಮ ಬೈಕಿನಿಂದ ಇನ್ನೊಬ್ಬರಿಗೆ ಪೆಟ್ಟಾದರೆ ಅವರಿಗೆ ಪರಿಹಾರ ಸಿಗಲಿ ಅನ್ನುವುದು ಅದರ ಉದ್ದೇಶ. ಉದ್ದೇಶ ಸರಿಯಾದದ್ದೇ. ಆದರೆ ನಿಮ್ಮ ಬೈಕ್ ನೀರಲ್ಲಿ ತೇಲಿಹೋದರೂ ಆ ಪಾಲಿಸಿಯಿಂದ ಒಂದು ಪೈಸೆ ಬರುವುದಿಲ್ಲ. ನೆರೆ, ಬಿರುಗಾಳಿ, ಭೂಕುಸಿತ, ಸಿಡಿಲು ಇವೆಲ್ಲ ಬರುವುದು ‘ಓನ್ ಡ್ಯಾಮೇಜ್’ ಭಾಗದಲ್ಲಿ. ಅದು ಕಡ್ಡಾಯವಲ್ಲ.

ಇಲ್ಲೊಂದು ಗೊಂದಲ ಹುಟ್ಟಿಕೊಂಡಿದೆ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಷೋರೂಮಿನಲ್ಲಿ ಸಾಮಾನ್ಯವಾಗಿ ಕೊಡುವ ಪಾಲಿಸಿಯಲ್ಲಿ ಐದು ವರ್ಷದ ಥರ್ಡ್ ಪಾರ್ಟಿ ಜೊತೆಗೆ ಒಂದೇ ಒಂದು ವರ್ಷದ ಓನ್ ಡ್ಯಾಮೇಜ್ ಇರುತ್ತದೆ. ಎರಡನೇ ವರ್ಷ ನೀವೇ ನೆನಪಿಟ್ಟು ಅದನ್ನು ನವೀಕರಿಸಬೇಕು. ಮರೆತರೆ ಪೊಲೀಸರು ಹಿಡಿಯುವುದಿಲ್ಲ, ದಂಡ ಬೀಳುವುದಿಲ್ಲ, ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ನಿಮ್ಮ ವಿಮೆ ಚಾಲ್ತಿಯಲ್ಲೇ ಇದೆ. ಮಳೆಯ ಲೆಕ್ಕದಲ್ಲಿ ಮಾತ್ರ ಇಲ್ಲ.

ನೀರಿಗಿಂತ ಸ್ಟಾರ್ಟ್ ಬಟನ್ ಅಪಾಯ

ಓನ್ ಡ್ಯಾಮೇಜ್ ಇದ್ದರೆ ಒಂದು ಸಮಾಧಾನ: ನೀರು ನೇತ್ರಾವತಿಯಿಂದ ಬಂತೋ, ಹೂಳು ತುಂಬಿದ ಚರಂಡಿಯಿಂದ ಬಂತೋ ಅಂತ ಪಾಲಿಸಿ ಭೇದ ಮಾಡುವುದಿಲ್ಲ. ನೀರು ನುಗ್ಗಿ ಹಾಳಾದರೆ ಸಾಕು. ಆದರೆ ನೀರು ಇಳಿದ ಮೇಲೆ ನೀವೇನು ಮಾಡಿದಿರಿ ಅನ್ನುವುದನ್ನು ಕಂಪನಿ ಖಂಡಿತ ನೋಡುತ್ತದೆ.

ಎಂಜಿನಿಯರಿಂಗ್ ಓದಿದವರಿಗೆ ಇದು ಹಳೇ ಪಾಠ. ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನಲ್ಲಿರುವ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ನೀರು ಹೊಕ್ಕ ಎಂಜಿನನ್ನು ಸ್ಟಾರ್ಟ್ ಮಾಡಿದರೆ ಆ ಒತ್ತಡವನ್ನೆಲ್ಲ ಕನೆಕ್ಟಿಂಗ್ ರಾಡ್ ಹೊರಬೇಕು. ಅದು ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಆಗ ಕಂಪನಿ ಹೇಳುವ ಮಾತು: ‘ಇದು ನೆರೆಯಿಂದ ಆದ ಹಾನಿಯಲ್ಲ, ಅದರ ಬೆನ್ನಿಗೆ ನೀವು ಮಾಡಿಕೊಂಡದ್ದು’. ಇಂಥ ಪರಿಣಾಮಜನ್ಯ ಹಾನಿಯನ್ನು ಸಾಮಾನ್ಯ ಪಾಲಿಸಿ ಹೊರಗಿಟ್ಟಿದೆ. ಅದಕ್ಕೆ ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ಕವರ್ ಬೇಕು. ಹಾಗಾಗಿ ಮುಳುಗಿದ ಬೈಕನ್ನು ಸ್ಟಾರ್ಟ್ ಮಾಡಬೇಡಿ. ನೀರಿನ ಮಟ್ಟ ಕಾಣುವಂತೆ ಫೋಟೊ, ವಿಡಿಯೊ ತೆಗೆಯಿರಿ, ಕಂಪನಿಗೆ ಕೂಡಲೇ ತಿಳಿಸಿ, ಗ್ಯಾರೇಜಿಗೆ ತಳ್ಳಿಕೊಂಡು ಅಥವಾ ಟೋ ಮಾಡಿಸಿಕೊಂಡು ಹೋಗಿ.

ಕ್ಲೇಮ್ ಒಪ್ಪಿಗೆಯಾದರೂ ಪೂರ್ತಿ ಹಣ ಬರುತ್ತದೆ ಅಂದುಕೊಳ್ಳಬೇಡಿ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗಳಿಗೆ 50% ಸವಕಳಿ ಕಡಿತ. ಈ ಲೆಕ್ಕ 2002ರ ಮೋಟಾರ್ ಟ್ಯಾರಿಫ್‌ನದು. ಆ ಕಾಲದಲ್ಲಿ ಬ್ಯಾಟರಿ ಅಂದರೆ ಸೀಟಿನ ಕೆಳಗಿನ ಪುಟ್ಟ ಡಬ್ಬಿ. ಈಗಿನ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಅತಿ ದುಬಾರಿ ಭಾಗವೇ ಅದು. ‘ಐಪಿ67’ ಅಂತ ಜಾಹೀರಾತು ಹೇಳಿದರೆ ಅರ್ಥ ಇಷ್ಟೇ: ಒಂದು ಮೀಟರ್ ಆಳದ ಶುದ್ಧ ನೀರಿನಲ್ಲಿ 30 ನಿಮಿಷ. ನೆಲಮಾಳಿಗೆಯ ಕೊಳಚೆ ನೀರಿನಲ್ಲಿ ಇಡೀ ರಾತ್ರಿ ಅಂತಲ್ಲ. ಇವಿ ಕೊಳ್ಳುವವರು ಬ್ಯಾಟರಿಗೆ ಎಷ್ಟು ಕಡಿತ, ಅದಕ್ಕೆ ಪ್ರತ್ಯೇಕ ಕವರ್ ಇದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ಹಸು ಇದೆ, ದೋಣಿ ಇದೆ, ಬೈಕ್ ಇಲ್ಲ

‘ವಿಮೆ ಇಲ್ಲದಿದ್ದರೆ ಸರ್ಕಾರದ ಪರಿಹಾರ ಇದೆಯಲ್ಲ’ ಅನ್ನಬಹುದು. ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಸತ್ತ ಹಾಲು ಕರೆಯುವ ಹಸುವಿಗೆ 37,500 ರೂಪಾಯಿ ಇದೆ. ದೋಣಿಗೆ, ಬಲೆಗೆ, ಕುಶಲಕರ್ಮಿಯ ಸಲಕರಣೆಗೆ ಇದೆ. ಇರಲೇಬೇಕು, ಮೊತ್ತ ಇನ್ನೂ ಹೆಚ್ಚಾಗಬೇಕು. ಆದರೆ ಡೆಲಿವರಿ ಹುಡುಗನ ಬೈಕ್‌ಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ಮೀನುಗಾರನಿಗೆ ದೋಣಿ ಏನೋ, ಇವನಿಗೆ ಬೈಕ್ ಅದೇ.

ಇವನ ಕಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಖಾಸಗಿ ದ್ವಿಚಕ್ರದ ಪಾಲಿಸಿಯ ಷರತ್ತು ಬಾಡಿಗೆ ಬಳಕೆಯನ್ನೂ ಸರಕು ಸಾಗಣೆಯನ್ನೂ ಹೊರಗಿಟ್ಟಿದೆ. ಪಾರ್ಸೆಲ್ ಹೊತ್ತು ಹೋಗುವಾಗ ಹಾನಿಯಾದರೆ, ಕೈಯಿಂದ ಪ್ರೀಮಿಯಂ ಕಟ್ಟಿದ್ದರೂ ಕ್ಲೇಮ್ ತಿರಸ್ಕಾರವಾಗಬಹುದು. ಗಿಗ್ ಕಾರ್ಮಿಕರಿಗೆ ರಾಜ್ಯ ಸರ್ಕಾರ 2023ರಲ್ಲಿ ತಂದ ಉಚಿತ ವಿಮೆ ಒಟ್ಟು 4 ಲಕ್ಷದ್ದು: ಜೀವಕ್ಕೆ 2 ಲಕ್ಷ, ಅಪಘಾತಕ್ಕೆ 2 ಲಕ್ಷ. ಒಳ್ಳೆಯದು. ಆದರೆ ಜೀವ ಉಳಿದು ಬೈಕ್ ಹೋದರೆ ಮರುದಿನದ ದುಡಿಮೆಗೆ ಏನು?

ಕಟ್ಟುವವರು ನಾವು, ಉತ್ತರಿಸುವವರು ಯಾರು?

2022ರ ಜೂನ್‌ನಿಂದ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿ ಒಳಗಿನ ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 3,851 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ, ಅಂದರೆ 693 ರೂಪಾಯಿ. ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ ಕೇಂದ್ರ, ಬೈಕ್ ವಿಮೆಯನ್ನು ಮುಟ್ಟಲಿಲ್ಲ. ಕೊಳ್ಳಲೇಬೇಕು ಅಂತ ಕಾನೂನು ಮಾಡಿದವರೇ ಕೊಂಡದ್ದಕ್ಕೆ ತೆರಿಗೆಯನ್ನೂ ಹಾಕುತ್ತಾರೆ.

‘ಬೈಕ್ ಖಾಸಗಿ ಆಸ್ತಿ, ಸರ್ಕಾರ ಯಾಕೆ ಕೊಡಬೇಕು?’ ಅನ್ನುವವರಿದ್ದಾರೆ. ಹಸುವೂ ಖಾಸಗಿ ಆಸ್ತಿಯೇ. ಪರಿಹಾರ ಕೊಡುವುದು ಆಸ್ತಿಗಲ್ಲ, ಅದನ್ನು ನಂಬಿದ ಬದುಕಿಗೆ. ಇನ್ನೊಂದು ಕಾರಣವೂ ಇದೆ. ಮುಳುಗಿದ ಪ್ರತಿ ಬೈಕಿನ ನಷ್ಟ ಸವಾರನ ಜೇಬಿನಲ್ಲೋ ವಿಮಾ ಕಂಪನಿಯ ಪುಸ್ತಕದಲ್ಲೋ ಮುಗಿದುಹೋದರೆ, ಹೂಳೆತ್ತದ ಚರಂಡಿಯ ನಿಜವಾದ ಬೆಲೆ ಪಾಲಿಕೆಯ ಬಜೆಟ್ಟಿನಲ್ಲಿ ಯಾವತ್ತೂ ಕಾಣುವುದಿಲ್ಲ. ಕಾಣದ ಖರ್ಚನ್ನು ಉಳಿಸಲು ಯಾರೂ ಕೆಲಸ ಮಾಡುವುದಿಲ್ಲ.

ಕೇಳಲು ಜನಪ್ರತಿನಿಧಿಯಾದರೂ ಬೇಕಲ್ಲ. 2019ರ ನವೆಂಬರ್‌ನಲ್ಲಿ ಆಯ್ಕೆಯಾದ ಮಂಗಳೂರು ಪಾಲಿಕೆಯ ಪರಿಷತ್ತಿನ ಅವಧಿ 2025ರ ಆರಂಭದಲ್ಲೇ ಮುಗಿದಿತ್ತು. ಅದೇ ಮೇ ಕೊನೆಯಲ್ಲಿ ಭಾರಿ ಮಳೆ ಬಂದು ಜಿಲ್ಲೆಯಲ್ಲಿ ಗುಡ್ಡ ಕುಸಿದು ಜೀವಗಳು ಹೋದಾಗ, ನಗರದಲ್ಲಿ ಚರಂಡಿಯ ಬಗ್ಗೆ ಉತ್ತರ ಹೇಳಬೇಕಾದ ಕಾರ್ಪೊರೇಟರ್‌ಗಳೇ ಇರಲಿಲ್ಲ.

ದಾರಿ ಇಲ್ಲವೇ? ಇದೆ. ನಾಗಾಲ್ಯಾಂಡ್ ಸರ್ಕಾರ 2024ರಲ್ಲಿ ‘ಪ್ಯಾರಾಮೆಟ್ರಿಕ್’ ವಿಮೆಗೆ ಒಪ್ಪಂದ ಮಾಡಿಕೊಂಡಿತು. ಮಳೆ ನಿಗದಿತ ಮಟ್ಟ ದಾಟಿದರೆ ಸಾಕು, ಒಂದೊಂದೇ ಹಾನಿಯನ್ನು ಅಳೆಯುತ್ತಾ ಕೂರದೆ ಹಣ ಬಿಡುಗಡೆಯಾಗುವ ವ್ಯವಸ್ಥೆ ಅದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕ ಜಾಲ ಇದೆ. 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಪ್ರತಿ ವಹಿವಾಟಿನ ಪಾವತಿಯ ಮೇಲೆ ಕಂಪನಿಗಳಿಂದ 1ರಿಂದ 5% ಕಲ್ಯಾಣ ಶುಲ್ಕ ಪಡೆಯಲು ಅವಕಾಶವಿದೆ. ಮಳೆಯ ಲೆಕ್ಕವೂ ಇದೆ, ಹಣದ ಮೂಲವೂ ಇದೆ. ಎರಡನ್ನೂ ಜೋಡಿಸಿ ದುಡಿಯುವವರ ಬೈಕ್‌ಗೆ ಮಳೆಗಾಲದ ರಕ್ಷಣೆ ಕೊಡಲು ಬೇಕಿರುವುದು ಮನಸ್ಸು ಮಾತ್ರ.

ಅಲ್ಲಿಯವರೆಗೆ ಇವತ್ತೇ ಪಾಲಿಸಿಯ ಪಿಡಿಎಫ್ ತೆರೆದು ಓನ್ ಡ್ಯಾಮೇಜ್ ಯಾವತ್ತು ಮುಗಿಯುತ್ತದೆ ಅಂತ ನೋಡಿ. ಮುಗಿದಿದ್ದರೆ ಮಳೆಗೆ ಮೊದಲೇ ಮಾಡಿಸಿ, ಅದನ್ನಷ್ಟೇ ಪ್ರತ್ಯೇಕವಾಗಿ ಕೊಳ್ಳಬಹುದು. ಕ್ಲೇಮ್ ಅನ್ಯಾಯವಾಗಿ ತಿರಸ್ಕಾರವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಶುಲ್ಕವಿಲ್ಲ. ಪಾಲಿಕೆ ಚುನಾವಣೆಗೆ ವೋಟು ಕೇಳಲು ಬಂದವರ ಮುಂದೆ ರಸ್ತೆ, ದೀಪದ ಜೊತೆಗೆ ಈ ಪ್ರಶ್ನೆಯನ್ನೂ ಇಡಿ: ನಮ್ಮ ವಾರ್ಡಿನ ತೋಡಿನ ಹೂಳು ಎತ್ತಿದ್ದು ಯಾವ ತಿಂಗಳಲ್ಲಿ?