ಹೆಸರಿಗೆ ಮಾತ್ರ ಇಂಡಿಯಾ!

ಇಂಡಿಯಾ ಪೇಲ್ ಏಲ್ ನಮ್ಮದೇ ಬಿಯರ್ ಅಂತ ಬೀಗುವವರಿಗೆ ಒಂದು ಮಾತು. ಅದರಲ್ಲಿರೋ 'ಇಂಡಿಯಾ' ಬರೀ ಪಾರ್ಸೆಲ್ ಮೇಲಿನ ವಿಳಾಸ ಕಣ್ರೀ! ಲಂಡನ್ನಿನ ಹಾಡ್ಜ್‌ಸನ್, 1820ರ ದಶಕದಿಂದ ಬರ್ಟನ್ನಿನ ಆಲ್ಸಪ್, ಇಲ್ಲಿದ್ದ ಬಿಳಿಯರಿಗೆ ಹಡಗಿನಲ್ಲಿ ಕಳಿಸಿದ ಮಾಲು. ದಾರಿಯಲ್ಲಿ ಕೆಡದಿರಲಿ ಅಂತ ಹಾಪ್ಸ್ ಜಾಸ್ತಿ, ಅದಕ್ಕೇ ಆ ಕಹಿ.

ಆಮೇಲೆ ಕ್ಯಾಲಿಫೋರ್ನಿಯಾದವರು ತಮ್ಮ ಹಾಪ್ಸ್ ಸುರಿದು ಇನ್ನೂ ಕಹಿ ಮಾಡಿದರು. ವರ್ಮಾಂಟಿನವರು ಮಬ್ಬಾಗಿ, ಹಣ್ಣಿನ ರಸದ ಹಾಗೆ ಮಾಡಿದರು. ವೆಸ್ಟ್ ಕೋಸ್ಟ್, ನ್ಯೂ ಇಂಗ್ಲೆಂಡ್ ಅಂತ ಅವರವರ ಸೀಮೆಯ ಹೆಸರೂ ಬಂತು. ನಮ್ಮ ಮುಂಬೈ, ಬೆಂಗಳೂರಿನ ಪಬ್ಬುಗಳಲ್ಲಿ ಹೆಚ್ಚಾಗಿ ಸಿಗೋದು ಆ ಎರಡರ ನಕಲು!

ದಾವಣಗೆರೆ ದೋಸೆ ಬೇರೆ, ಮೈಸೂರು ದೋಸೆ ಬೇರೆ ಅಂತ ಸಯನ್‌ನಲ್ಲಿ ಕೂತು ಜಗಳ ಆಡೋ ನಮಗೆ ಇದು ಸಾಕೇ? ರಾಗಿ, ಪುನರ್ಪುಳಿ ಹಾಕಿ ಇಲ್ಲಿನ ರುಚಿಯ ಐಪಿಎ ಕಟ್ಟಿ ಸ್ವಾಮಿ. ಆಮೇಲೆ ಬೀಗೋಣ.